‘ಮಿನಿಸ್ಟರ್’: ಒಂದು ಶಬ್ದದ ಚರಿತ್ರೆ

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದ ಒಂದು ಸಣ್ಣ ಪ್ರಸಂಗದಿಂದ ಈ ಮಾತನ್ನು ಆರಂಭಿಸಲು ಶ್ರೋತೃಗಳು ಅಪ್ಪಣೆ ಕೊಡಬೇಕು. ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿಗಳಿಗೆ ಭಾಷಾಂತರದ ಅಭ್ಯಾಸಕ್ಕೆಂದು ಇಂಗ್ಲಿಷಿನ ಒಂದು ಸಣ್ಣಕಥೆಯನ್ನು ಕೊಟ್ಟಿದ್ದೆ. ಅಮೆರಿಕದ ನಥಾನಿಯಲ್ ಹಾಥಾರ್ನ್ ಬರೆದು, 1836ರ ಒಂದು ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ‘ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್’ ಎಂಬ ಕಥೆ ಅದು. ಹೂಪರ್ ಎಂಬ ಧರ್ಮೋಪದೇಶಕನೊಬ್ಬ ಒಂದು ಭಾನುವಾರ ಮುಖಕ್ಕೆ ಕರಿಯ ಮುಸುಕು ಹಾಕಿಕೊಂಡು ಆರಾಧನೆಗೆ ಬರುತ್ತಾನೆ. ಸಾಯುವ ಗಳಿಗೆಯಲ್ಲಿಯೂ ಅದನ್ನು ತೆಗೆಯಗೊಡುವುದಿಲ್ಲ. ಕಥೆ ಇಷ್ಟೇ, ಆದರೆ ಓದಿದವರ ಮನಸ್ಸಿನಿಂದ ಆ ಮುಸುಕು ಬೇಗನೆ ಸರಿಯುವುದಿಲ್ಲ.

ಹಳ್ಳಿಯಿಂದ ಬಂದಿದ್ದ, ಇಂಗ್ಲಿಷಿನಲ್ಲಿ ಅಷ್ಟೇನೂ ಪಳಗದಿದ್ದ ಒಬ್ಬ ಹುಡುಗ ಆ ಕಥೆಗೆ ‘ಮಂತ್ರಿಯ ಕರಿಯ ಮುಸುಕು’ ಎಂದು ಹೆಸರಿಟ್ಟು ತಂದ. ಅವನ ಭಾಷಾಂತರದಲ್ಲಿ ಮಂತ್ರಿಗಳು ಮದುವೆ ಮಾಡಿಸುತ್ತಿದ್ದರು, ಶವಸಂಸ್ಕಾರದಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ನಾನು ಅದನ್ನು ತರಗತಿಯಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ‘ಮಂತ್ರಿ’ ಎಂಬಲ್ಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಅಂಚಿನಲ್ಲಿ ‘ಪಾದ್ರಿ’ ಎಂದು ಬರೆದುಕೊಟ್ಟೆ. ಹುಡುಗ ಎದ್ದು ನಿಂತು, “ಅಲ್ಲ ಸರ್, ಚರ್ಚಿನವರಿಗೂ ಸರ್ಕಾರದವರಿಗೂ ಒಂದೇ ಮಾತು ಯಾಕೆ ಇಟ್ಟರು?” ಎಂದು ಕೇಳಿದ. “ಇಂಗ್ಲಿಷಿನಲ್ಲಿ ಹಾಗೇ ಕಣಯ್ಯ, ಕೂತುಕೊ” ಎಂದೆ. ಗಂಟೆ ಹೊಡೆಯಿತು. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅಂದು ನಾನು ಕೊಟ್ಟದ್ದು ಉತ್ತರವಲ್ಲ, ಉತ್ತರವನ್ನು ತಪ್ಪಿಸಿಕೊಳ್ಳುವ ದಾರಿ ಎಂಬುದು ಮಾತ್ರ ನಿವೃತ್ತನಾದ ಮೇಲೆ ನನ್ನನ್ನು ಮತ್ತೆ ಮತ್ತೆ ಚುಚ್ಚಿದೆ. ಇಂದಿನ ಈ ಭಾಷಣ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

‘ಮಿನಿಸ್ಟರ್’ ಎಂಬುದು ಮೂಲತಃ ಲ್ಯಾಟಿನ್ ಶಬ್ದ. ಆ ಭಾಷೆಯಲ್ಲಿ ‘ಮಿನುಸ್’ ಎಂದರೆ ಕಡಿಮೆ, ‘ಮಾಗಿಸ್’ ಎಂದರೆ ಹೆಚ್ಚು. ಗಣಿತದಲ್ಲಿ ಕಳೆಯುವ ಲೆಕ್ಕಕ್ಕೆ ನಾವು ಹೇಳುವ ‘ಮೈನಸ್’ ಈ ‘ಮಿನುಸ್’ ಎಂಬುದೇ. ಈ ಎರಡು ಮಾತುಗಳಿಗೆ ಒಂದೇ ಪ್ರತ್ಯಯ ಹತ್ತಿ ‘ಮಿನಿಸ್ತೆರ್’, ‘ಮಾಗಿಸ್ತೆರ್’ ಎಂಬ ಜೋಡಿ ಶಬ್ದಗಳು ಹುಟ್ಟಿದವು. ಮಾಗಿಸ್ತೆರ್ ಎಂದರೆ ಹಿರಿಯವನು, ಒಡೆಯ, ಕಲಿಸುವವನು. ಮಿನಿಸ್ತೆರ್ ಎಂದರೆ ಕಿರಿಯವನು, ಕೈಕೆಳಗಿನವನು, ಆಳು. ಮಾಗಿಸ್ತೆರ್ ಎಂಬುದರ ಸಂತಾನ ನಮ್ಮಲ್ಲಿಯೂ ಧಾರಾಳವಾಗಿದೆ. ಇಂಗ್ಲಿಷಿನ ‘ಮಾಸ್ಟರ್’ ಮೂಲಕ ಬಂದ ನಮ್ಮ ಮೇಷ್ಟ್ರು, ಪೋರ್ಚುಗೀಸರ ‘ಮೆಸ್ತ್ರೆ’ ಮೂಲಕ ಬಂದ ಮನೆ ಕಟ್ಟುವ ಮೇಸ್ತ್ರಿ, ನ್ಯಾಯಪೀಠದ ಮ್ಯಾಜಿಸ್ಟ್ರೇಟರು, ಎಲ್ಲರೂ ಆ ಒಂದೇ ಮನೆತನದವರು. ಹಾಗೆ ನೋಡಿದರೆ ಶಬ್ದಗಳ ಕುಲದಲ್ಲಿ ಮೇಷ್ಟ್ರು ಹಿರಿಯ, ಮಿನಿಸ್ಟರು ಕಿರಿಯ. ಲೋಕದ ವ್ಯವಹಾರದಲ್ಲಿ ಇದು ಹೇಗೆ ತಿರುಗುಮುರುಗಾಯಿತೆಂಬುದೇ ನಮ್ಮ ಕಥೆ.

ರೋಮನರ ಮನೆಗಳಲ್ಲಿ ಊಟದ ಹೊತ್ತಿಗೆ ಪಾತ್ರೆ ತಂದಿಡುವವನು, ದ್ರಾಕ್ಷಾರಸ ಬಡಿಸುವವನು ಮಿನಿಸ್ತೆರ್. ದೇವರಿಗೆ ಬಲಿ ಕೊಡುವಾಗ ಪುರೋಹಿತನ ಪಕ್ಕದಲ್ಲಿ ನಿಂತು ಸಾಮಗ್ರಿ ಒದಗಿಸುವವನೂ ಮಿನಿಸ್ತೆರ್. ಅಧಿಕಾರಿಯ ಹಿಂದೆ ನಡೆದು ಅವನು ಹೇಳಿದ ಕೆಲಸ ಮಾಡುವವನೂ ಮಿನಿಸ್ತೆರ್. ಹುಡುಗ ಕೇಳಿದ ಪ್ರಶ್ನೆಯ ಬೀಜ ಇಲ್ಲಿಯೇ ಇದೆ. ಗುಡಿಯಾಗಲಿ ಸರ್ಕಾರವಾಗಲಿ, ಎರಡು ಕಡೆಯೂ ಈ ಶಬ್ದ ಒಡೆಯನಿಗೆ ಸಲ್ಲುತ್ತಿರಲಿಲ್ಲ. ಒಡೆಯನ ಮಾತಿಗಾಗಿ ಕಾದು ನಿಂತವನಿಗೆ ಸಲ್ಲುತ್ತಿತ್ತು.

ಕ್ರೈಸ್ತಸಭೆಗೂ ಈ ಶಬ್ದಕ್ಕೂ ಇದ್ದ ನಂಟಿನ ಅತಿ ಹಳೆಯ ಲ್ಯಾಟಿನ್ ಸಾಕ್ಷ್ಯಗಳಲ್ಲಿ ಒಂದು ಸಿಗುವುದು ಕ್ರೈಸ್ತರ ಬರಹದಲ್ಲಲ್ಲ, ಸರ್ಕಾರದ ಒಂದು ಕಾಗದದಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಇಂದಿನ ತುರ್ಕಿಯ ಉತ್ತರದಲ್ಲಿದ್ದ ಬಿಥಿನಿಯ ಪ್ರಾಂತಕ್ಕೆ ಕಿರಿಯ ಪ್ಲಿನಿ ಎಂದು ಹೆಸರಾದ ವಿದ್ವಾಂಸ ರಾಜ್ಯಪಾಲನಾಗಿದ್ದ. ಕ್ರಿ.ಶ. 112ರ ಸುಮಾರಿನಲ್ಲಿ ಅವನು ಟ್ರಾಜನ್ ಚಕ್ರವರ್ತಿಗೆ ಒಂದು ಪತ್ರ ಬರೆದ. ಕ್ರೈಸ್ತರೆಂಬ ಈ ಹೊಸ ಪಂಥದವರನ್ನು ಏನು ಮಾಡಬೇಕು, ಹೇಗೆ ವಿಚಾರಣೆ ನಡೆಸಬೇಕು ಎಂದು ಕೇಳುವ ಪತ್ರ. ನಿಜಸ್ಥಿತಿಯನ್ನು ತಿಳಿಯುವ ಸಲುವಾಗಿ ತಾನು ಇಬ್ಬರು ಗುಲಾಮ ಹೆಂಗಸರನ್ನು ಚಿತ್ರಹಿಂಸೆಗೆ ಒಳಪಡಿಸಿದೆನೆಂದು ಅದರಲ್ಲಿ ಅವನು ತಿಳಿಸುತ್ತಾನೆ. ಆ ಹೆಂಗಸರನ್ನು ಅವರ ಸಭೆಯವರು ಏನೆಂದು ಕರೆಯುತ್ತಿದ್ದರೆಂಬುದನ್ನೂ ದಾಖಲಿಸುತ್ತಾನೆ. ಆ ಹೆಸರು ‘ಮಿನಿಸ್ತ್ರ’, ಮಿನಿಸ್ತೆರ್ ಎಂಬುದರ ಸ್ತ್ರೀಲಿಂಗ. ಹಿಂಸೆಯಿಂದ ಪ್ಲಿನಿಗೆ ತಿಳಿದದ್ದು ಹೆಚ್ಚೇನೂ ಇಲ್ಲ. ಬರಿಯ ಮೂಢನಂಬಿಕೆ ಎಂದು ಬರೆದು ಆ ವಿಷಯವನ್ನು ಮುಗಿಸುತ್ತಾನೆ.

ಆ ಇಬ್ಬರು ಹೆಂಗಸರ ಹೆಸರೇನೆಂದು ಪ್ಲಿನಿ ಬರೆಯಲಿಲ್ಲ. ಅವರ ಹುದ್ದೆ ಮಾತ್ರ ಉಳಿಯಿತು. ಮುಂದೆ ಕಾರ್ಡಿನಲರೂ ಪ್ರಧಾನಿಗಳೂ ಧರಿಸಲಿದ್ದ ಬಿರುದನ್ನು ಚರಿತ್ರೆಯಲ್ಲಿ ಮೊದಮೊದಲು ಹೊತ್ತವರಲ್ಲಿ ಇಬ್ಬರು ಗುಲಾಮ ಸ್ತ್ರೀಯರಿದ್ದರು. ಅವರನ್ನು ಹಿಂಸಿಸಿದವನು ಸರ್ಕಾರದ ಅಧಿಕಾರಿ. ಈ ಶಬ್ದವನ್ನು ಕೇಳಿದಾಗಲೆಲ್ಲ ನನಗೆ ಈಗ ಮೊದಲು ನೆನಪಾಗುವವರು ಇವರೇ.

ಕ್ರೈಸ್ತರು ಇಂಥ ತಗ್ಗಿದ ಶಬ್ದವನ್ನು ಏಕೆ ಆರಿಸಿಕೊಂಡರು? ಅದಕ್ಕೆ ಕಾರಣ ಸುವಾರ್ತೆಗಳಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ, ಜೆಬೆದಾಯನ ಹೆಂಡತಿ ಯೇಸುವಿನ ಬಳಿಗೆ ಬಂದು, ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಿಬ್ಬರಲ್ಲಿ ಒಬ್ಬನನ್ನು ಬಲಕ್ಕೂ ಇನ್ನೊಬ್ಬನನ್ನು ಎಡಕ್ಕೂ ಕೂರಿಸಿಕೋ ಎಂದು ಬೇಡುತ್ತಾಳೆ. ಸಂಪುಟ ರಚನೆಯ ದಿನಗಳ ಓಡಾಟವನ್ನು ಪತ್ರಿಕೆಗಳಲ್ಲಿ ಓದಿ ಬಲ್ಲ ನಮಗೆ ಈ ತಾಯಿ ಅಪರಿಚಿತಳಲ್ಲ. ಉಳಿದ ಶಿಷ್ಯರು ಸಿಟ್ಟಾಗುತ್ತಾರೆ. ಆಗ ಯೇಸು, ಲೋಕದ ದೊರೆಗಳು ಜನರ ಮೇಲೆ ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಾಗಬಾರದು, ದೊಡ್ಡವನಾಗಬೇಕೆನ್ನುವವನು ಆಳಾಗಬೇಕು ಎಂಬ ಅರ್ಥದ ಮಾತು ಹೇಳುತ್ತಾನೆ. ಇಲ್ಲಿ ಮೂಲ ಗ್ರೀಕಿನಲ್ಲಿರುವ ಶಬ್ದ ‘ದಿಯಾಕೊನೊಸ್’. ಅದಕ್ಕೂ ಬಡಿಸುವವನು, ಆಳು ಎಂಬುದೇ ಅರ್ಥ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮ್ ಸುವಾರ್ತೆಗಳ ಲ್ಯಾಟಿನ್ ಪಾಠವನ್ನು ಪರಿಷ್ಕರಿಸಿದ; ಆ ಪಾಠದಲ್ಲಿ ಇಲ್ಲಿ ಇರುವುದು ‘ಮಿನಿಸ್ತೆರ್’.

ಇನ್ನೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯದ್ದು. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯದಲ್ಲಿ, ದೇಶವನ್ನು ಆಳುವ ಅಧಿಕಾರಿಯನ್ನೂ ದೇವರ ‘ದಿಯಾಕೊನೊಸ್’ ಎಂದೇ ಕರೆಯುತ್ತಾನೆ. ಲ್ಯಾಟಿನ್ನಿನಲ್ಲಿ ಅದೂ ‘ಮಿನಿಸ್ತೆರ್’ ಎಂದೇ ಆಯಿತು. ಆದುದರಿಂದ ಸಭೆಯ ಸೇವಕನಿಗೂ ಸರ್ಕಾರದ ಅಧಿಕಾರಿಗೂ ಒಂದೇ ಹೆಸರನ್ನು ಇಂಗ್ಲಿಷರು ಹೊಸದಾಗಿ ಇಡಲಿಲ್ಲ. ಇಬ್ಬರೂ ತಮಗಿಂತ ಮೇಲಿನ ಒಬ್ಬನ ಆಳುಗಳು, ಇಬ್ಬರೂ ಲೆಕ್ಕ ಒಪ್ಪಿಸಬೇಕಾದವರು ಎಂಬ ಭಾವನೆ ಆ ಗ್ರಂಥದಲ್ಲಿಯೇ ಇತ್ತು.

ಆದರೆ ಸೇವೆಯ ಶಬ್ದಕ್ಕೆ ಗೌರವ ಹತ್ತತೊಡಗಿದೊಡನೆ ಅದು ಯಾರಿಗೆ ಸಲ್ಲಬೇಕೆಂಬ ತಾರತಮ್ಯವೂ ಹುಟ್ಟುತ್ತದೆ. 1611ರಲ್ಲಿ ಜೇಮ್ಸ್ ದೊರೆಯ ಆಶ್ರಯದಲ್ಲಿ ಹೊರಬಂದ ಪ್ರಸಿದ್ಧ ಇಂಗ್ಲಿಷ್ ಬೈಬಲ್ಲನ್ನು ನೋಡಿ. ಪೌಲ, ಅಪೊಲ್ಲೋಸ, ತುಖಿಕ ಮೊದಲಾದ ಗಂಡಸರನ್ನು ಕುರಿತು ‘ದಿಯಾಕೊನೊಸ್’ ಎಂದಿರುವಲ್ಲಿ ಅನುವಾದಕರು ‘ಮಿನಿಸ್ಟರ್’ ಎಂದರು. ಫೊಯಿಬೆ ಎಂಬ ಹೆಣ್ಣುಮಗಳನ್ನು ಕುರಿತು ಅದೇ ಶಬ್ದ ಬಂದಾಗ ‘ಸರ್ವೆಂಟ್’ ಎಂದರು. ಗ್ರೀಕಿನಲ್ಲಿ ಇಬ್ಬರಿಗೂ ಒಂದೇ ಮಾತು. ಇಂಗ್ಲಿಷಿನಲ್ಲಿ ಗಂಡಸು ಮಿನಿಸ್ಟರು, ಹೆಂಗಸು ಆಳು. ಆ ಹೊತ್ತಿಗೆ ‘ಮಿನಿಸ್ಟರ್’ ಎಂಬ ಮಾತು ಹೊಸಿಲು ದಾಟಿ ಎಷ್ಟು ಮೇಲಕ್ಕೆ ಹೋಗಿತ್ತೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಬಿಥಿನಿಯದ ಆ ಇಬ್ಬರು ಹೆಂಗಸರು 1611ರ ಲಂಡನ್ನಿಗೆ ಬಂದಿದ್ದರೆ ಅವರ ಹುದ್ದೆಯ ಹೆಸರು ಅವರಿಗೆ ದಕ್ಕುತ್ತಿತ್ತೋ ಇಲ್ಲವೋ ಎಂದು ಅನುಮಾನಿಸುವಂತಾಗುತ್ತದೆ.

ನಡುಗಾಲದ ಯುರೋಪಿನಲ್ಲಿ ಈ ಏರಿಕೆ ಹೇಗೆ ನಡೆಯಿತೆಂಬುದಕ್ಕೆ ಒಂದೆರಡು ಉದಾಹರಣೆ ಕೊಡುತ್ತೇನೆ. ಹನ್ನೊಂದು, ಹನ್ನೆರಡನೆಯ ಶತಮಾನಗಳ ಜರ್ಮನ್ ನಾಡುಗಳಲ್ಲಿ ‘ಮಿನಿಸ್ತೆರಿಯಾಲೆಸ್’ ಎಂಬ ಒಂದು ವರ್ಗವಿತ್ತು. ಕಾನೂನಿನ ದೃಷ್ಟಿಯಿಂದ ಇವರು ಸ್ವತಂತ್ರರಲ್ಲ; ಒಡೆಯನಿಗೆ ಕಟ್ಟುಬಿದ್ದ ಊಳಿಗದವರು. ಆದರೆ ಒಡೆಯನ ಪರವಾಗಿ ಕುದುರೆಯೇರಿ ಕಾದಿದರು, ಕೋಟೆ ಕಾದರು, ಸುಂಕ ಎತ್ತಿದರು. ಕೆಲವು ತಲೆಮಾರುಗಳಲ್ಲಿ ಕೋಟೆ ಅವರದೇ ಆಯಿತು; ಕಾಲಕ್ರಮದಲ್ಲಿ ಅವರು ಕುಲೀನರ ಸಾಲಿಗೆ ಸೇರಿಹೋದರು. ಹೆಸರಿನಲ್ಲಿ ಉಳಿದದ್ದು ಆಳುತನ, ಕೈಗೆ ಬಂದದ್ದು ಆಳುವಿಕೆ. ಇದೇ ಮೂಲದ ಇನ್ನೊಂದು ಕವಲು ಫ್ರೆಂಚಿನ ಮೂಲಕ ‘ಮಿನ್‌ಸ್ಟ್ರೆಲ್’ ಆಗಿ, ಅರಮನೆಯ ಊಳಿಗದವನಿಂದ ಅರಮನೆಯ ಹಾಡುಗಾರನಾಯಿತು. ರೋಮಿನಲ್ಲಿ, ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಪದವಿಗೆ ಬಂದ ಮೊದಲನೆಯ ಗ್ರೆಗರಿ ತನ್ನನ್ನು ದೇವರ ದಾಸರ ದಾಸ ಎಂದು ಕರೆದುಕೊಂಡ. ಅವನ ನಂತರದ ಪೋಪರೂ ಆ ಬಿರುದನ್ನು ಉಳಿಸಿಕೊಂಡರು. ಚಕ್ರವರ್ತಿಗಳಿಗೆ ಅಪ್ಪಣೆ ಮಾಡಿದ ಪೋಪರ ಪತ್ರಗಳಲ್ಲಿಯೂ ಆ ದಾಸತ್ವದ ಒಕ್ಕಣೆ ತಪ್ಪಲಿಲ್ಲ.

ಇಂಗ್ಲಿಷಿಗೆ ನಮ್ಮ ಶಬ್ದ ಬಂದದ್ದು 1300ರ ಸುಮಾರಿಗೆ, ಫ್ರೆಂಚಿನ ಮೂಲಕ. ಆದರೆ ಅದು ಮತಸಂಬಂಧವಾಗಿ ಹೋರಾಟದ ಶಬ್ದವಾದದ್ದು ಹದಿನಾರನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ. ಅಲ್ಲಿಯವರೆಗೆ ಸಭೆಯ ಗುರುವಿಗೆ ಇದ್ದ ಸಾಮಾನ್ಯ ಹೆಸರು ‘ಪ್ರೀಸ್ಟ್’. ಹುಟ್ಟಿನಿಂದ ಅದು ಹಿರಿಯ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದಾದರೂ, ರೂಢಿಯಲ್ಲಿ ದೇವರಿಗೂ ಮನುಷ್ಯನಿಗೂ ನಡುವೆ ನಿಂತು ಬಲಿಯರ್ಪಿಸುವ ಪುರೋಹಿತ ಎಂಬ ಅರ್ಥ ಅದಕ್ಕೆ ನೆಲೆಗೊಂಡಿತ್ತು. ದೇವರಿಗೂ ಭಕ್ತನಿಗೂ ಮಧ್ಯೆ ದಲ್ಲಾಳಿ ಬೇಡವೆಂದ ಸುಧಾರಕರು ಆ ಹೆಸರನ್ನೇ ಬೇಡವೆಂದರು. ವಾಕ್ಯವನ್ನು ಬಡಿಸುವವನು ಮಾತ್ರ ಇವನು. ಆದ್ದರಿಂದ ಮಿನಿಸ್ಟರ್ ಎಂದರು. ಇಂಗ್ಲೆಂಡಿನ ಪ್ರಾರ್ಥನಾಗ್ರಂಥದ 1549ರ ಆವೃತ್ತಿಯಲ್ಲಿ ‘ಪ್ರೀಸ್ಟ್’ ಎಂದಿದ್ದ ಎಷ್ಟೋ ಕಡೆ 1552ರ ಆವೃತ್ತಿಯಲ್ಲಿ ‘ಮಿನಿಸ್ಟರ್’ ಬಂದು ಕೂತಿತು.

ಒಂದು ಶಬ್ದಕ್ಕಾಗಿ ಜನ ತಮ್ಮ ಮನೆಮಠಗಳನ್ನು ಬಿಡುತ್ತಾರೆಯೇ ಎಂದು ಶ್ರೋತೃಗಳು ಕೇಳಬಹುದು. 1661ರಲ್ಲಿ ಲಂಡನ್ನಿನ ಸವಾಯ್ ಎಂಬಲ್ಲಿ ಬಿಷಪ್ಪರೂ ಪ್ಯೂರಿಟನ್ ಪಂಥದವರೂ ಸೇರಿ ಚರ್ಚಿಸಿದಾಗ, ಗ್ರಂಥದುದ್ದಕ್ಕೂ ‘ಮಿನಿಸ್ಟರ್’ ಎಂಬ ಮಾತನ್ನೇ ಬಳಸಬೇಕೆಂಬುದು ಪ್ಯೂರಿಟನ್ನರ ಬೇಡಿಕೆಗಳಲ್ಲಿ ಒಂದಾಗಿತ್ತು. ಬಿಷಪ್ಪರು ಒಪ್ಪಲಿಲ್ಲ. 1662ರ ಗ್ರಂಥದಲ್ಲಿ ಪಾಪವಿಮೋಚನೆಯ ಮಾತನ್ನು ಹೇಳುವವನು ಪುನಃ ‘ಪ್ರೀಸ್ಟ್’ ಆದ. ಆ ಗ್ರಂಥವನ್ನು ಸಂಪೂರ್ಣವಾಗಿ ಒಪ್ಪಿ ಪ್ರಮಾಣ ಮಾಡದವರು ಆ ವರ್ಷದ ಆಗಸ್ಟ್ 24ರೊಳಗೆ ತಮ್ಮ ಸ್ಥಾನ ಬಿಡಬೇಕಾಯಿತು. ಸುಮಾರು 2000 ಮಂದಿ ಹಾಗೆ ಹೊರಬಿದ್ದರು. ಕಾರಣಗಳು ಹಲವಿದ್ದವು, ಶಬ್ದವೊಂದೇ ಅಲ್ಲ. ಆದರೂ ಅಲ್ಲಿಂದ ಮುಂದೆ, ಬಿಷಪ್ಪರ ಅಧಿಕಾರದ ಹೊರಗಿದ್ದ ಸಭೆಗಳಲ್ಲಿ ಗುರುವಿಗೆ ‘ಮಿನಿಸ್ಟರ್’ ಎಂಬ ಹೆಸರೇ ನಿಂತಿತು. ಸ್ಕಾಟ್ಲೆಂಡಿನ ಸಭೆಯಲ್ಲಿ ಅದು ಆಗಲೇ ಬೇರೂರಿತ್ತು. ಹಾಗೆಂದು ಹೆಸರು ಬದಲಾದ ಮಾತ್ರಕ್ಕೆ ಗತ್ತು ಬದಲಾಗುತ್ತದೆಂಬ ಭರವಸೆ ಎಲ್ಲರಿಗೂ ಇರಲಿಲ್ಲ. ಸುಧಾರಕರ ಪಕ್ಷದವನೇ ಆದ ಮಹಾಕವಿ ಮಿಲ್ಟನ್, ಹೊಸ ಸಭೆಯ ಹಿರಿಯರು ಹಳೆಯ ಪುರೋಹಿತರ ಇನ್ನೊಂದು ರೂಪವೇ ಎಂದು ಒಂದು ಸುನೀತದಲ್ಲಿ ಕುಟುಕಿದ್ದಾನೆ.

ಈಗ ಸರ್ಕಾರದ ಕಡೆಗೆ ತಿರುಗೋಣ. ದೊರೆಯ ಆಡಳಿತದಲ್ಲಿ ನೆರವಾಗುವವರು ದೊರೆಯ ಮಿನಿಸ್ಟರುಗಳು, ಎಂದರೆ ದೊರೆಯ ಆಳುಗಳು. ಓದುಬರಹ ಬಲ್ಲವರು ಹೆಚ್ಚಾಗಿ ಮಠಗಳಿಂದಲೂ ಚರ್ಚಿನಿಂದಲೂ ಬರುತ್ತಿದ್ದ ಕಾಲದಲ್ಲಿ ಎರಡು ಅರ್ಥಗಳೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದುಂಟು. ಎಂಟನೆಯ ಹೆನ್ರಿಯ ರಾಜ್ಯಭಾರವನ್ನು 1515ರಿಂದ 1529ರವರೆಗೆ ಚಾನ್ಸಲರನಾಗಿ ನಡೆಸಿದ ವುಲ್ಸಿ ಒಬ್ಬ ಕಾರ್ಡಿನಲ್. ಫ್ರಾನ್ಸಿನಲ್ಲಿ 1624ರಿಂದ 1642ರವರೆಗೆ ಹದಿಮೂರನೆಯ ಲೂಯಿಯ ಮುಖ್ಯ ಮಿನಿಸ್ಟರನಾಗಿದ್ದ ರಿಶಲ್ಯೂ ಕೂಡ ಕಾರ್ಡಿನಲ್. ಇಂಗ್ಲೆಂಡಿನ ಮೊದಲನೆಯ ಚಾರ್ಲ್ಸನ ಆಪ್ತನಾಗಿದ್ದ ವಿಲಿಯಂ ಲಾಡ್ ಆರ್ಚ್‌ಬಿಷಪ್ ಆಗಿದ್ದುಕೊಂಡೇ ರಾಜ್ಯದ ಸೂತ್ರ ಹಿಡಿದವನು. ಪಾರ್ಲಿಮೆಂಟು 1645ರಲ್ಲಿ ಅವನ ಶಿರಚ್ಛೇದ ಮಾಡಿಸಿತು.

ಲಾಡನ ತಲೆ ಏಕೆ ಹೋಯಿತೆಂಬುದರಲ್ಲಿ ಈ ಶಬ್ದದ ರಾಜಕೀಯ ತಿರುಳಿದೆ. ದೊರೆ ತಪ್ಪು ಮಾಡಲಾರ ಎಂಬುದು ಇಂಗ್ಲಿಷ್ ರಾಜ್ಯಾಂಗದ ಹಳೆಯ ಸೂತ್ರ. ಹಾಗಾದರೆ ನಡೆದ ತಪ್ಪಿಗೆ ಹೊಣೆ ಯಾರು? ದೊರೆಯ ಆಳು. ಒಡೆಯನನ್ನು ಮುಟ್ಟಲಾಗದ ಪಾರ್ಲಿಮೆಂಟು ಅವನ ಮಿನಿಸ್ಟರುಗಳನ್ನು ಹಿಡಿಯಿತು. 1641ರಲ್ಲಿ ಸ್ಟ್ರಾಫರ್ಡನ ತಲೆ ಉರುಳಿತು. 1679ರಲ್ಲಿ ಡ್ಯಾನ್ಬಿ ಎಂಬ ಮಿನಿಸ್ಟರನು ದೊರೆಯಿಂದ ಕ್ಷಮಾಪತ್ರ ತಂದು ತೋರಿಸಿದಾಗ ಪಾರ್ಲಿಮೆಂಟಿನಲ್ಲಿ ದೊಡ್ಡ ವಿವಾದವೆದ್ದಿತು. ಕಾಮನ್ಸ್ ಸಭೆ ಹೂಡಿದ ಮಹಾಭಿಯೋಗಕ್ಕೆ ಅಡ್ಡವಾಗಿ ದೊರೆಯ ಕ್ಷಮಾಪತ್ರವನ್ನು ಒಡ್ಡಕೂಡದೆಂದು 1701ರ ಶಾಸನ ಗೊತ್ತುಮಾಡಿತು. ಇಂದು ನಾವು ಮಂತ್ರಿಯ ಜವಾಬ್ದಾರಿ ಎಂದು ಸುಲಭವಾಗಿ ಹೇಳುವ ಮಾತಿನ ಹಿಂದೆ ಈ ಚರಿತ್ರೆಯಿದೆ. ಮಿನಿಸ್ಟರನು ಆಳು; ಆಳಾದ್ದರಿಂದಲೇ ಅವನನ್ನು ಪ್ರಶ್ನಿಸಬಹುದು. ಈ ಅರ್ಥದಲ್ಲಿ ಆ ಶಬ್ದದ ಕೀಳುತನವೇ ಪ್ರಜೆಗಳ ಕೈಗೆ ಸಿಕ್ಕಿದ ಹಿಡಿ.

ಪ್ರೈಂ ಮಿನಿಸ್ಟರ್ ಎಂಬ ಮಾತಿನ ಏರಿಕೆಯೂ ಇಷ್ಟೇ ವಿಚಿತ್ರವಾದುದು. 1721ರಿಂದ 1742ರವರೆಗೆ ಇಂಗ್ಲೆಂಡಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ರಾಬರ್ಟ್ ವಾಲ್ಪೋಲನನ್ನು ಮೊದಲ ಪ್ರಧಾನಿಯೆಂದು ಚರಿತ್ರೆಕಾರರು ಎಣಿಸುತ್ತಾರೆ. ಅವನ ಕಾಲದಲ್ಲಿ ಅದು ಬೈಗುಳ. ಸಮಾನರಾದ ಆಳುಗಳ ನಡುವೆ ತಾನೊಬ್ಬನೇ ಮೊದಲಿಗನೆಂದು ಮೆರೆಯುವವನು ಎಂಬ ನಿಂದೆ ಅದರಲ್ಲಿತ್ತು. 1741ರಲ್ಲಿ ಕಾಮನ್ಸ್ ಸಭೆಯಲ್ಲಿ ಎದ್ದುನಿಂತು ವಾಲ್ಪೋಲ್ ಆ ಹೆಸರು ತನಗೆ ಬೇಡವೆಂದು ಹೇಳಿದ. 1878ರ ಬರ್ಲಿನ್ ಒಪ್ಪಂದದಲ್ಲಿ ಡಿಸ್ರೇಲಿಯ ಪದವಿಯನ್ನು ಸೂಚಿಸುವಾಗ ಅದೇ ಬೈಗುಳ ಬಿರುದಾಗಿ ಕಾಣಿಸಿಕೊಂಡಿತು. 1905ರಲ್ಲಿ ರಾಜಮರ್ಯಾದೆಯ ಕ್ರಮಪಟ್ಟಿಯಲ್ಲಿ ಪ್ರೈಂ ಮಿನಿಸ್ಟರನಿಗೆ ಒಂದು ಸ್ಥಾನ ದೊರೆಯಿತು. ಅದು ಯಾರ್ಕಿನ ಆರ್ಚ್‌ಬಿಷಪ್ಪನ ಅನಂತರದ ಸ್ಥಾನ. ದೇವರ ಆಳು ಮುಂದೆ, ದೊರೆಯ ಆಳು ಅವನ ಹಿಂದೆ. 1937ರ ಶಾಸನದಿಂದ ಆ ಪದವಿಗೆ ಸಂಬಳವೂ ಗೊತ್ತಾಯಿತು.

ಹಾಥಾರ್ನನ ಕಥೆ ನಡೆಯುವ ನ್ಯೂ ಇಂಗ್ಲೆಂಡಿಗೆ ಬಂದರೆ, ಅಲ್ಲಿ ಲ್ಯಾಟಿನ್ನಿನ ಹಳೆಯ ಜೋಡಿ ಮತ್ತೆ ಎದುರುಬದುರಾಗಿ ನಿಂತಿರುವುದನ್ನು ಕಾಣುತ್ತೇವೆ. ಪ್ಯೂರಿಟನ್ನರು ಕಟ್ಟಿದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಊರಾಳುವವರು ಮ್ಯಾಜಿಸ್ಟ್ರೇಟರು, ಉಪದೇಶಿಸುವವರು ಮಿನಿಸ್ಟರುಗಳು. ಮಿನಿಸ್ಟರುಗಳ ಮಾತಿಗೆ ಅಲ್ಲಿ ಬಹಳ ತೂಕವಿದ್ದರೂ ಅವರು ಮ್ಯಾಜಿಸ್ಟ್ರೇಟರ ಹುದ್ದೆ ವಹಿಸುತ್ತಿರಲಿಲ್ಲ. ಮುಂದೆ ಸ್ವತಂತ್ರವಾದ ಅಮೆರಿಕ ತನ್ನ ಸರ್ಕಾರದ ಇಲಾಖೆಗಳ ಮುಖ್ಯಸ್ಥರನ್ನು ‘ಸೆಕ್ರೆಟರಿ’ ಎಂದು ಕರೆಯಿತು. ಹೊರದೇಶಕ್ಕೆ ಕಳುಹಿಸುವ ರಾಯಭಾರಿಗೆ ‘ಮಿನಿಸ್ಟರ್’ ಎಂಬ ಹೆಸರಿತ್ತು; 1785ರಲ್ಲಿ ಲಂಡನ್ನಿಗೆ ಹೋದ ಜಾನ್ ಆಡಮ್ಸ್ ಅಂಥ ಮಿನಿಸ್ಟರ್. ಉಳಿದಂತೆ ಆ ದೇಶದಲ್ಲಿ ಮಿನಿಸ್ಟರೆಂದರೆ ಸಭೆಯ ಉಪದೇಶಕ. ನನ್ನ ವಿದ್ಯಾರ್ಥಿ ಎಡವಿದ್ದು ಇಲ್ಲಿ. ಆದರೂ ಕಥೆಯಲ್ಲಿ ಒಂದು ಸಂದರ್ಭವಿದೆ. 1730ರಿಂದ 1741ರವರೆಗೆ ಗವರ್ನರನಾಗಿದ್ದ ಬೆಲ್ಚರನ ಕಾಲದಲ್ಲಿ ಚುನಾವಣೆಯ ದಿನದ ಉಪದೇಶ ಮಾಡಲು ಹೂಪರನನ್ನು ಕರೆಯುತ್ತಾರೆ. ಮುಖ್ಯ ಮ್ಯಾಜಿಸ್ಟ್ರೇಟ್, ಮಂತ್ರಾಲೋಚನ ಸಭೆ, ಜನಪ್ರತಿನಿಧಿಗಳು, ಎಲ್ಲರೆದುರಿಗೆ ಮುಸುಕು ಹಾಕಿಕೊಂಡ ಮಿನಿಸ್ಟರು ನಿಲ್ಲುತ್ತಾನೆ. ಅವನ ಮಾತಿನ ಪರಿಣಾಮ ಆ ವರ್ಷದ ಶಾಸನಗಳ ಮೇಲೆಯೂ ಬೀಳುತ್ತದೆ. ಮಾಗಿಸ್ತೆರ್ ಕುಳಿತು ಕೇಳುತ್ತಾನೆ, ಮಿನಿಸ್ತೆರ್ ನಿಂತು ಹೇಳುತ್ತಾನೆ. ಕಥೆ ಓದಿ ಎಷ್ಟೋ ವರ್ಷವಾದ ಮೇಲೆ ನನಗೆ ಇದು ಕಂಡಿತು.

ನಮ್ಮ ದೇಶಕ್ಕೆ ಈ ಶಬ್ದ ಆಡಳಿತದ ಹುದ್ದೆಯಾಗಿ ಬಂದದ್ದು 1919ರ ಭಾರತ ಸರ್ಕಾರದ ಕಾಯಿದೆಯಿಂದ. ಪ್ರಾಂತಗಳಲ್ಲಿ ಶಿಕ್ಷಣ, ಆರೋಗ್ಯ, ಸ್ಥಳೀಯ ಸ್ವರಾಜ್ಯ ಮೊದಲಾದ ವಿಷಯಗಳನ್ನು ಶಾಸನಸಭೆಗೆ ಹೊಣೆಯಾದ ಮಿನಿಸ್ಟರುಗಳಿಗೆ ಒಪ್ಪಿಸಿ, ಹಣಕಾಸು, ಪೊಲೀಸು ಮೊದಲಾದ ಬಿಗಿಯಾದ ಹಗ್ಗಗಳನ್ನು ಗವರ್ನರರ ಕಡೆಯವರು ಇಟ್ಟುಕೊಂಡರು. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೂ, ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೂ ಸೇರಿದ್ದುದರಿಂದ ಕನ್ನಡಿಗರಲ್ಲಿ ಹಲವರಿಗೆ ಇದರ ಪರಿಚಯ ಆಗಲೇ ಆಯಿತು. ಕನ್ನಡದಲ್ಲಿ ಈ ಹುದ್ದೆಗೆ ನಾವು ಕೊಟ್ಟ ಹೆಸರು ‘ಮಂತ್ರಿ’.

ಆದರೆ ಮಂತ್ರಿಯ ಹುಟ್ಟೇ ಬೇರೆ. ಮಂತ್ರ ಎಂದರೆ ಆಲೋಚನೆ, ಗುಟ್ಟಿನ ಸಮಾಲೋಚನೆ. ಅದನ್ನು ನಡೆಸಬಲ್ಲವನು ಮಂತ್ರಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರಿಯ ಮತ್ತು ಪುರೋಹಿತನ ನೇಮಕದ ವಿಷಯ ಒಂದೇ ಅಧ್ಯಾಯದಲ್ಲಿ ಬರುತ್ತದೆ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಪರೀಕ್ಷೆಗಳಲ್ಲಿಯೂ ಗೆದ್ದವರನ್ನು ಮಂತ್ರಿಗಳನ್ನಾಗಿ ಮಾಡಬೇಕೆಂದೂ, ಮೂವರು ನಾಲ್ವರೊಡನೆ ಮಂತ್ರಾಲೋಚನೆ ನಡೆಸಬೇಕೆಂದೂ, ಆ ಮಂತ್ರ ಹೊರಬೀಳದಂತೆ ಕಾಯಬೇಕೆಂದೂ ಅಲ್ಲಿ ವಿಸ್ತಾರವಾಗಿ ಹೇಳಿದೆ. ನಮ್ಮ ಸಂವಿಧಾನದ ಪ್ರಕಾರ ಮಂತ್ರಿಯಾದವನು ಅಧಿಕಾರದ ಪ್ರಮಾಣದ ಜೊತೆಗೆ ಗೋಪ್ಯತೆಯ ಪ್ರಮಾಣವನ್ನೂ ಸ್ವೀಕರಿಸುತ್ತಾನೆ. ‘ಮಂತ್ರಿ’ ಎಂಬ ಸಂಸ್ಕೃತ ಶಬ್ದಕ್ಕೆ ಈ ಎರಡನೆಯ ಪ್ರಮಾಣ ಎಷ್ಟು ಒಪ್ಪುತ್ತದೆ ನೋಡಿ. ಗುಟ್ಟನ್ನು ಕಾಯುವುದು ಮಂತ್ರಿಯ ಧರ್ಮ. ಬಡಿಸುವುದು ಮಿನಿಸ್ಟರನ ಧರ್ಮ. ಭಾಷಾಂತರದಲ್ಲಿ ಮೊದಲನೆಯದು ನಮ್ಮ ಕೈಗೆ ಬಂದು, ಎರಡನೆಯದು ದಾರಿಯಲ್ಲಿ ಬಿದ್ದುಹೋಯಿತು.

ಪತ್ರಿಕೆಗಳು ಹೆಚ್ಚಾಗಿ ಬಳಸುವ ‘ಸಚಿವ’ ಎಂಬುದಕ್ಕೆ ಜೊತೆಗಾರ ಎಂಬುದು ಮೂಲಾರ್ಥ. ಹಿಂದಿಯಲ್ಲಿ ‘ಸಚಿವ’ ಎಂದರೆ ಮಂತ್ರಿಯ ಕೆಳಗಿನ ಕಾರ್ಯದರ್ಶಿ, ಕನ್ನಡದಲ್ಲಿ ಮಂತ್ರಿಯೇ. ನಮ್ಮ ‘ಮಂತ್ರಿ’ ಕೂಡ ಹೊರಗೆ ಪ್ರಯಾಣ ಮಾಡಿದ್ದಾನೆ. ಮಲಯ ಭಾಷೆಯಲ್ಲಿ ಅವನು ‘ಮೆಂತೆರಿ’. ಮಲೇಷಿಯದ ಪ್ರಧಾನಿಗೆ ‘ಪೆರ್ದಾನ ಮೆಂತೆರಿ’ ಎಂದೇ ಹೆಸರು. ಅಲ್ಲಿಗೆ ಹೋದ ಪೋರ್ಚುಗೀಸರ ಬಾಯಲ್ಲಿ ಆ ಶಬ್ದ ‘ಮಂದರಿಂ’ ಆಗಿ, ಇಂಗ್ಲಿಷರ ಬಾಯಲ್ಲಿ ‘ಮ್ಯಾಂಡರಿನ್’ ಆಗಿ, ಚೀನದ ಅಧಿಕಾರಿಗಳಿಗೆ ಅಂಟಿಕೊಂಡಿತು. ಜನರ ಕೈಗೆಟುಕದ ದರ್ಪದ ಅಧಿಕಾರಿಯನ್ನು ಇಂಗ್ಲಿಷಿನಲ್ಲಿ ಮ್ಯಾಂಡರಿನ್ ಎಂದು ಹಳಿಯುವುದುಂಟು. ನಾವು ಅವರ ಆಳನ್ನು ತಂದು ಮಂತ್ರಿ ಮಾಡಿದೆವು. ಅವರು ನಮ್ಮ ಮಂತ್ರಿಯನ್ನು ಒಯ್ದು ದರ್ಪದ ಅಧಿಕಾರಿ ಮಾಡಿದರು.

ಸೇವೆಯ ಅರ್ಥವನ್ನು ಉಳಿಸಿಕೊಂಡವರು ಕನ್ನಡಕ್ಕೆ ಬೈಬಲ್ಲನ್ನು ತಂದವರು. ಗ್ರೀಕಿನ ‘ದಿಯಾಕೊನೊಸ್’ ಸಭೆಯ ಹುದ್ದೆಯಾಗಿ ಬಂದಲ್ಲಿ ಅವರು ‘ಸಭಾಸೇವಕ’ ಎಂಬ ಮಾತನ್ನು ಇಟ್ಟರು. ಸಭೆಯನ್ನು ನಡೆಸುವ ಗುರುವಿಗೆ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ‘ಸಭಾಪಾಲಕ’ ಎಂಬುದು ರೂಢಿಯಾಯಿತು. ಅದರಲ್ಲಿರುವುದು ಕುರುಬ ಮಂದೆ ಕಾಯುವ ಚಿತ್ರ. ಹೀಗೆ ಇಂಗ್ಲಿಷಿನಲ್ಲಿ ಒಂದೇ ಬಳ್ಳಿಯಲ್ಲಿದ್ದ ಎರಡು ಕಾಯಿಗಳು ಕನ್ನಡದಲ್ಲಿ ಬೇರೆ ಬೇರೆ ಬಳ್ಳಿಗೆ ಹೋದವು. ಮಂತ್ರಿಗೂ ಸಭಾಸೇವಕನಿಗೂ ಏನಾದರೂ ಸಂಬಂಧವಿದ್ದೀತೆಂದು ಕನ್ನಡದಲ್ಲಿ ಮಾತ್ರ ಓದುವವನಿಗೆ ಹೊಳೆಯುವ ದಾರಿಯೇ ಇಲ್ಲ.

ಇನ್ನು ನನ್ನ ಕೆಂಪು ಶಾಯಿಯ ವಿಷಯ. ‘ಮಂತ್ರಿ’ ಎಂಬುದನ್ನು ಹೊಡೆದು ನಾನು ಬರೆದದ್ದು ‘ಪಾದ್ರಿ’ ಎಂದು. ಪಾದ್ರಿ ಎಂಬುದು ಪೋರ್ಚುಗೀಸರಿಂದ ಬಂದ ಮಾತು; ಅದರ ಅರ್ಥ ತಂದೆ. ಗುರುವನ್ನು ಪದವಿಯ ಕಾರಣಕ್ಕೆ ತಂದೆಯೆಂದು ಕರೆಯುವ ಪದ್ಧತಿಯನ್ನೇ ಒಲ್ಲದ ಪ್ಯೂರಿಟನ್ನರು ಆಳು ಎಂಬ ಹೆಸರನ್ನು ಹುಡುಕಿ ಹಿಡಿದದ್ದು. ಹೂಪರನನ್ನು ಮುಪ್ಪಿನಲ್ಲಿ ಜನ ತಂದೆಯೆಂದು ಕರೆದರೆಂದು ಹಾಥಾರ್ನ್ ಹೇಳುತ್ತಾನೆ, ನಿಜ. ಅದು ನರೆತ ತಲೆಗೆ ಸಂದ ಗೌರವ, ಹುದ್ದೆಯ ಹೆಸರಲ್ಲ. ಹಾಗಾಗಿ ಹುಡುಗನ ಭಾಷಾಂತರ ತಪ್ಪಾಗಿದ್ದರೆ ನನ್ನ ತಿದ್ದುಪಡಿಯೂ ತಪ್ಪೇ. ಅವನು ಆಳನ್ನು ಆಲೋಚನಾಪರನನ್ನಾಗಿ ಮಾಡಿದ್ದ. ನಾನು ಆಳನ್ನು ತಂದೆಯನ್ನಾಗಿ ಮಾಡಿದೆ. ವ್ಯತ್ಯಾಸವೆಂದರೆ, ಅವನು ಏಕೆ ಎಂದು ಕೇಳಿದ, ನಾನು ಕೇಳಲಿಲ್ಲ.

ಮೇಷ್ಟ್ರು ಎಂಬ ಶಬ್ದಕ್ಕೆ ಹೆಚ್ಚಿನವನು ಎಂದು ಅರ್ಥವೆಂದು ಮೊದಲೇ ಹೇಳಿದೆ. ಆ ದಿನ ತರಗತಿಯಲ್ಲಿ ಹೆಚ್ಚಿನವನು ನಾನಾಗಿರಲಿಲ್ಲ. ಆ ಹುಡುಗ ಎಲ್ಲಿಯಾದರೂ ಈ ಮಾತುಗಳನ್ನು ಕೇಳುತ್ತಿದ್ದರೆ ಅವನಿಗೆ ಹೇಳುವುದಿಷ್ಟು: ಅಪ್ಪಾ, ಚರ್ಚಿನವರಿಗೂ ಸರ್ಕಾರದವರಿಗೂ ಒಂದೇ ಹೆಸರಿಟ್ಟದ್ದು ಇಬ್ಬರೂ ಬಡಿಸುವವರು ಎಂಬ ನಂಬಿಕೆಯಿಂದ. ಉಣ್ಣಲು ಕುಳಿತವರು ನಾವು. ಬಡಿಸುವವನನ್ನು ಏನು ಬಡಿಸಿದೆ, ಎಷ್ಟು ಉಳಿಸಿಕೊಂಡೆ ಎಂದು ಕೇಳುವ ಹಕ್ಕು ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಇದೆ. ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು.